ಗೋಡೆಯ ಕನ್ನಡ, ಆಸ್ಪತ್ರೆಯ ಕನ್ನಡ

ವಿಮರ್ಶೆ ಮಾಡಬೇಕಾದ ಬರವಣಿಗೆಯೆಲ್ಲ ಪುಸ್ತಕದಲ್ಲೇ ಇರಬೇಕೆಂದಿಲ್ಲ. ಪೀಣ್ಯದ ಕಾರ್ಖಾನೆಗಳ ಕಾಂಪೌಂಡಿಗೆ, ಲೈಟು ಕಂಬಗಳಿಗೆ ಅಂಟಿಸಿದ ಚೀಟಿಗಳನ್ನು ನಾನು ವರ್ಷಗಳಿಂದ ಓದುತ್ತಿದ್ದೇನೆ. ‘ಆಪರೇಷನ್ ಇಲ್ಲದೆ ಮೂಲವ್ಯಾಧಿಗೆ ಪರಿಹಾರ’, ‘ಸಕ್ಕರೆ ಕಾಯಿಲೆ ಬುಡಸಮೇತ ಮಾಯ’, ‘100% ಗ್ಯಾರಂಟಿ’.

ಈ ಬರಹದಲ್ಲಿ ‘ಬಹುಶಃ’ ಇಲ್ಲ, ‘ಆದರೆ’ ಇಲ್ಲ, ‘ಗೊತ್ತಿಲ್ಲ’ ಎಂಬುದಂತೂ ಇಲ್ಲವೇ ಇಲ್ಲ. ಕ್ರಿಯಾಪದವನ್ನೂ ಕೈಬಿಟ್ಟಿರುತ್ತಾರೆ. ಕ್ರಿಯಾಪದವೇ ಇಲ್ಲದ ಮೇಲೆ ಗುಣ ಮಾಡಿದವರು ಯಾರು, ಯಾವಾಗ ಎಂದು ಕೇಳುವುದು ಹೇಗೆ? ಮಧುಮೇಹ, ಕ್ಯಾನ್ಸರ್, ಪಾರ್ಶ್ವವಾಯು ವಾಸಿ ಮಾಡುತ್ತೇವೆಂಬ ಜಾಹೀರಾತನ್ನು 1954ರ ಕೇಂದ್ರ ಕಾಯಿದೆಯೇ ನಿಷೇಧಿಸಿದೆ. ಗೋಡೆ ಕಾಯಿದೆ ಓದುವುದಿಲ್ಲ.

ನಮ್ಮ ವಠಾರದ ಲೇತ್ ಆಪರೇಟರೊಬ್ಬರು ಇಂಥ ಚೀಟಿ ನಂಬಿ ಸಕ್ಕರೆ ಮಾತ್ರೆ ಬಿಟ್ಟರು. ಕಾಲಿನ ಗಾಯ ಮಾಯದೆ ಕೊಳೆತು ಹೆಬ್ಬೆರಳು ತೆಗೆಯಬೇಕಾಯಿತು. ‘ಯಾಕಣ್ಣಾ ಹಿಂಗ್ ಮಾಡ್ಕೊಂಡ್ರಿ?’ ಎಂದೆ. ‘ಆಸ್ಪತ್ರೆ ಚೀಟಿ ಇಂಗ್ಲಿಷಲ್ಲಿತ್ತು ಮೇಷ್ಟ್ರೇ. ಡಾಕ್ಟ್ರು ಎರಡು ನಿಮಿಷ ನೋಡಿದ್ರು. ಇವನು ಅರ್ಧ ಗಂಟೆ ಕೂರಿಸ್ಕೊಂಡು ನಮ್ಮೂರ ಮಳೆ ಬೆಳೆ ಕೇಳ್ದ.’

ಹಾಗಾದರೆ ಇದು ಬರೀ ಭಾಷೆಯ ಸಮಸ್ಯೆಯೆ? ಅದು ಅರ್ಧ ಸತ್ಯ. ಇಂಗ್ಲಿಷ್ ಚೆನ್ನಾಗಿ ಬಲ್ಲ ವೈಟ್‌ಫೀಲ್ಡಿನ ಗೆಳೆಯರೂ ನನಗೆ ನಿಂಬೆರಸದಿಂದ ಕ್ಯಾನ್ಸರ್ ಹೋಗುವ ವಾಟ್ಸಾಪ್ ಸಂದೇಶ ಕಳಿಸುತ್ತಾರೆ. ಅಲ್ಲೂ ‘ಆದರೆ’ ಇರುವುದಿಲ್ಲ. ಭಯದಲ್ಲಿರುವ ಮನುಷ್ಯನಿಗೆ ಬೇಕಾದದ್ದು ಖಾತ್ರಿ; ವಿಜ್ಞಾನ ಪ್ರಾಮಾಣಿಕವಾಗಿದ್ದಷ್ಟೂ ಅದನ್ನು ಕೊಡಲಾರದು. ಕೊಡಬಹುದಾದದ್ದು ವಿವರಣೆ ಮಾತ್ರ.

ಆ ವಿವರಣೆಗೆ ಕನ್ನಡ ಸಾಲದು ಎನ್ನುವವರನ್ನು ನಾನು ಒಪ್ಪುವುದಿಲ್ಲ. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ರಾಶಿ ವೃತ್ತಿಯಿಂದ ವೈದ್ಯರು, ಮನಸ್ಸಿನ ಕುರಿತ ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಅನುಪಮಾ ನಿರಂಜನರ ‘ತಾಯಿ–ಮಗು’ ಎಷ್ಟೋ ಮನೆಗಳನ್ನು ಹೊಕ್ಕಿತು. ಆಪ್ತವಾಗಿ ಮಾತಾಡಲು ಸುಳ್ಳು ಹೇಳಬೇಕಿಲ್ಲ ಎಂದು ಇವರು ತೋರಿಸಿದ್ದರು. ಆ ಕನ್ನಡ ಪುಸ್ತಕದಲ್ಲಿ ಉಳಿಯಿತು, ಹೊರರೋಗಿ ವಿಭಾಗದ ಕಿಟಕಿಯವರೆಗೆ ಬರಲಿಲ್ಲ. ಖಾಲಿಬಿಟ್ಟ ಜಾಗದಲ್ಲಿ ಚೀಟಿಯವನು ಕೂತ.

ಮೊನ್ನೆ ಆ ಅಣ್ಣನ ರಿಪೋರ್ಟನ್ನು ಒಟ್ಟಿಗೆ ಓದಿದೆವು. ಎಚ್‌ಬಿಎ1ಸಿ ಅಂದರೆ ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ ಎಂದೆ.

‘ಇಷ್ಟೇನಾ? ಇದನ್ನ ಯಾರೂ ಹೇಳ್ಲೇ ಇಲ್ವಲ್ಲ’ ಅಂದರು.