ಮಾಧ್ಯಮ ಬದಲಾದರೆ ಸಾಕೆ?

ಚಿತ್ರಕಾರ ಕುಂಚ ಬದಿಗಿಟ್ಟು ಮಣ್ಣನ್ನೋ ತಾಮ್ರವನ್ನೋ ನೂಲನ್ನೋ ಹಿಡಿದರೆ ನಮ್ಮ ಕಲಾಬರಹಗಳದ್ದು ಒಂದೇ ಪಲ್ಲವಿ: ಕೈಕಸುಬು ಆತನ ಪ್ರತಿಭೆಗೆ ಮರುಹುಟ್ಟು ಕೊಟ್ಟಿತು. ಚಿತ್ರಕಾರ ಎಸ್.ಜಿ. ವಾಸುದೇವ್ ಅವರ ರೇಷ್ಮೆ ಟೇಪೆಸ್ಟ್ರಿಗಳಿಗೂ, ಅಂದರೆ ಮಗ್ಗದಲ್ಲಿ ನೇಯ್ದ ಚಿತ್ರಗಳಿಗೂ, ಈ ಮಾತನ್ನು ಸಲೀಸಾಗಿ ಅಂಟಿಸಬಹುದು. ಅಂಟಿಸಿದರೆ ಎರಡು ಸಂಗತಿಗಳು ಮುಚ್ಚಿಹೋಗುತ್ತವೆ.

ಮೊದಲನೆಯದು, ಕೈಕಸುಬು ಅವರ ಪಾಲಿಗೆ ತಡವಾಗಿ ಸಿಕ್ಕ ಟಾನಿಕ್ ಅಲ್ಲ. ಮೈಸೂರಿನವರಾದ ವಾಸುದೇವ್ ಮದ್ರಾಸಿನ ಕಲಾಶಾಲೆಯಲ್ಲಿ ಕಲಾವಿದ ಕೆ.ಸಿ.ಎಸ್. ಪಣಿಕ್ಕರ್ ಬಳಿ ಕಲಿತವರು. 1966ರಲ್ಲಿ ನೆಲೆಗೊಂಡ ಚೋಳಮಂಡಲದ ಸ್ಥಾಪಕರಲ್ಲಿ ಒಬ್ಬರು. ಆ ಕಲಾವಿದರ ಊರಿಗೆ ಜಮೀನು ಬಂದದ್ದೇ ಬಾಟಿಕ್‌ನಂಥ ಕೈಕೆಲಸ ಮಾರಿದ ದುಡ್ಡಿನಿಂದ. ತಾಮ್ರದ ಉಬ್ಬುಚಿತ್ರಗಳಿಗೂ ವಾಸುದೇವ್ ಕೈಹಾಕಿದರು. ಅನ್ನ ಹುಟ್ಟಿಸಿದ ಕಸುಬನ್ನು ದಣಿದ ಚಿತ್ರಕಾರನ ಆರೈಕೆ ಎನ್ನಲಾಗದು.

ಎರಡನೆಯದು ಇನ್ನೂ ಮುಖ್ಯ. ಮಾಧ್ಯಮ ಹೊಸದಾದ ಮಾತ್ರಕ್ಕೆ ಕಲೆ ಹೊಸದಾಗುವುದಿಲ್ಲ. ಯುರೋಪಿನಲ್ಲಿ ಟೇಪೆಸ್ಟ್ರಿ ಶತಮಾನಗಳ ಕಾಲ ತೈಲಚಿತ್ರದ ನಕಲಾಗಿ ಉಳಿಯಿತು. ಪ್ಯಾರಿಸ್ಸಿನ ಗೋಬ್ಲಾಂ ಕಾರ್ಖಾನೆ ಕುಂಚದ ಛಾಯೆಗಳನ್ನೆಲ್ಲ ಹಿಡಿಯಲು ನೂಲಿಗೆ ಲೆಕ್ಕವಿಲ್ಲದಷ್ಟು ಬಣ್ಣ ಹಾಕಿಸಿತು. ನೇಯ್ಗೆ ನವಿರಾಯಿತು, ಕಲೆ ಸೊರಗಿತು. 20ನೇ ಶತಮಾನದಲ್ಲಿ ಕಲಾವಿದ ಝಾನ್ ಲ್ಯೂರ್ಸಾ ಬಣ್ಣಗಳನ್ನು ಕಡಿತ ಮಾಡಿ, ಮಗ್ಗ ಮಗ್ಗದಂತೆಯೇ ಕಾಣಲಿ ಎಂದು ಹಟ ಹಿಡಿದ ಮೇಲೆ ಅದಕ್ಕೆ ಜೀವ ಬಂತು.

ಮಗ್ಗದ ತಕರಾರೇ ಕಲಾವಿದನಿಗೆ ಅದು ಕೊಡುವ ವರ. ವಾಸುದೇವ್ ಚಿತ್ರಗಳಲ್ಲಿ ಮರಳಿ ಮರಳಿ ಬರುವ ವೃಕ್ಷವನ್ನೇ ನೋಡಿ. ಕುಂಚ ಒಂದು ಬೀಸಿನಲ್ಲಿ ಬಾಗಿಸುವ ಕೊಂಬೆಯನ್ನು ಮಗ್ಗ ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಏರಿಸಬೇಕು. ಹೊಕ್ಕಿನ ಎಳೆಯನ್ನು ಬಡಿದು ಕೂರಿಸಿದರೆ ಹಾಸು ಪೂರಾ ಮರೆಯಾಗುತ್ತದೆ. ಹಸಿರಿಗೆ ಹಳದಿ ಬೆರೆಸಲು ತಟ್ಟೆಯಿಲ್ಲ. ಎರಡು ಬಣ್ಣದ ಎಳೆಗಳನ್ನು ಜೊತೆ ಮಾಡಿ ಹಾಯಿಸಬೇಕು, ಬೆರೆಸುವ ಕೆಲಸ ನೋಡುವವರ ಕಣ್ಣಿನದು. ನೇಯ್ದಷ್ಟನ್ನು ಸುತ್ತುತ್ತ ಹೋಗುವುದರಿಂದ ಇಡೀ ಚಿತ್ರ ಕಾಣುವುದು ಮಗ್ಗದಿಂದ ಇಳಿದ ಮೇಲೆಯೇ. ಅಲ್ಲಿಯವರೆಗೆ ಪ್ರತಿ ತಿರುವಿನಲ್ಲೂ ಯಾರೋ ತೀರ್ಮಾನ ಮಾಡುತ್ತಿರಬೇಕು.

ಆ ಯಾರೋ ನೇಕಾರ ಸುಬ್ಬರಾಯುಲು. ವಾಸುದೇವ್ ಅವರ ರೇಖೆ ನೂಲಾದದ್ದು ಇವರ ಕೈಯಲ್ಲಿ. ಕಲಾವಿದ ತನ್ನನ್ನು ತಾನೇ ನವೀಕರಿಸಿಕೊಂಡ ಎಂಬ ಕಥೆಯಲ್ಲಿ ಈ ಕೈಗೆ ಜಾಗವೆಲ್ಲಿ? ನಿರ್ದೇಶನ ಕಲಾವಿದನದು, ನೇಕಾರ ಬರೀ ಕೈ ಎಂದು ವಾದಿಸುವವರುಂಟು. ಯಾವ ಎಳೆಗೆ ಯಾವ ಎಳೆ ಜೊತೆ, ಬಾಗು ಎಲ್ಲಿ ಮುರಿಯಬೇಕು ಎಂದು ನಿರ್ಧರಿಸುವ ಕೈ ಬರೀ ಕೈಯಲ್ಲ. ವಾಸುದೇವ್ ಹೊಸತನ ಕಂಡಿದ್ದರೆ ಅದು ತನ್ನ ರೇಖೆಯ ಮೇಲಿನ ಪೂರ್ತಿ ಯಜಮಾನಿಕೆ ಬಿಟ್ಟುಕೊಟ್ಟಿದ್ದರಿಂದ.

ಹೊಸೂರು, ಡೆಂಕಣಿಕೋಟೆ ಕಡೆಯ ರೇಷ್ಮೆಯವರಿಗೆ ನೇಯ್ಗೆ ಒಬ್ಬರ ಕೆಲಸವಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹಿಪ್ಪುನೇರಳೆ ಬೆಳೆದವರು, ಹುಳ ಸಾಕಿದವರು, ಗೂಡು ಬೇಯಿಸಿ ನೂಲು ತೆಗೆದವರು, ಬಣ್ಣ ಹಾಕಿದವರು, ನೇಯ್ದವರು: ಒಂದು ಸೀರೆಗೆ ಎಷ್ಟೋ ಕೈ. ಅಂಗಡಿಯ ಹೆಸರೊಂದೇ ಉಳಿಯುವುದು ಸೀರೆ ವ್ಯಾಪಾರದ ಹಳೇ ಚಾಳಿ. ಕಲಾ ಗ್ಯಾಲರಿ ಅದನ್ನೇ ಮುಂದುವರಿಸಿದರೆ ಕೈಕೆಲಸದ ಗುಣಗಾನ ಬರೀ ಬಾಯಿಮಾತು. ನೇಯ್ದ ಚಿತ್ರದ ಪಕ್ಕ ಕಲಾವಿದ, ನೇಕಾರ ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿರಲಿ; ವಿಮರ್ಶಕರೂ ರೇಖೆಯ ಜೊತೆಗೆ ನೇಯ್ಗೆಯನ್ನು ಓದುವುದನ್ನು ಕಲಿಯಲಿ.