ಹೊಸ್ತಿಲಲ್ಲಿ ನಿಂತ ಭಯ

ನಡುನಡುವೆ ಬಿಡುವು ಕೊಟ್ಟು ಹಲವರನ್ನು ಕೊಲ್ಲುತ್ತ ಹೋಗುವವನನ್ನು ಸರಣಿ ಹಂತಕನೆಂದು ಕರೆಯುವುದು ವಾಡಿಕೆಯಾಗಿದ್ದು, ಅಂಥವನ ಕೃತ್ಯಕ್ಕೆ ಹಣದಾಸೆಗಿಂತ ಮನಸ್ಸಿನ ವಿಕೃತಿಯೇ ಹೆಚ್ಚಾಗಿ ಕಾರಣವಾಗಿರುತ್ತದೆ. ಶ್ರೀನಿವಾಸರಾಜು ನಿರ್ದೇಶನದಲ್ಲಿ 2012ರಲ್ಲಿ ತೆರೆಕಂಡ ‘ದಂಡುಪಾಳ್ಯ’ದ ಪಾತ್ರಗಳು ಈ ಲಕ್ಷಣಕ್ಕೆ ಪೂರ್ತಿಯಾಗಿ ಒಗ್ಗುವುದಿಲ್ಲ, ಏಕೆಂದರೆ ಚಿತ್ರಕ್ಕೆ ಆಧಾರವಾದ, ಹೊಸಕೋಟೆ ಕಡೆಯ ಹಳ್ಳಿಯೊಂದರ ಹೆಸರಿನಿಂದ ಕುಖ್ಯಾತವಾಗಿ 1990ರ ದಶಕದಲ್ಲಿ ಬೆಂಗಳೂರಿನ ನಿದ್ದೆ ಕೆಡಿಸಿದ ತಂಡ ದರೋಡೆಗಾಗಿ ಕೊಲ್ಲುತ್ತಿತ್ತು. ಆದರೂ ಸರಣಿ ಕೊಲೆಯ ಭೀಕರತೆಯನ್ನು ಇಷ್ಟು ಹತ್ತಿರಕ್ಕೆ ತಂದ ಚಿತ್ರ ಕನ್ನಡದಲ್ಲಿ ವಿರಳ.

ಭಯಾನಕ ಚಿತ್ರಗಳು ಸಾಮಾನ್ಯವಾಗಿ ಕತ್ತಲೆಯನ್ನೂ ಪಾಳುಬಂಗಲೆಯನ್ನೂ ನೆಚ್ಚಿಕೊಂಡರೆ, ಇಲ್ಲಿನ ಭಯ ಹಾಡಹಗಲಲ್ಲಿ, ಮನೆಯ ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಕುಡಿಯಲು ನೀರು ಕೇಳುತ್ತ ಬಾಗಿಲಿಗೆ ಬರುತ್ತದೆ. ಬಾಯಾರಿ ಬಂದವರನ್ನು ಬರಿದೆ ಕಳಿಸಬಾರದೆಂಬ ನಂಬಿಕೆಯಿಂದ ಗೃಹಿಣಿ ಒಳಕ್ಕೆ ತಿರುಗುವ ಆ ಒಂದು ಗಳಿಗೆಯೇ ಕೊಲೆಗಾರರಿಗೆ ಬೇಕಾದದ್ದು. ಬೆಂಗಳೂರಿನ ಉಲ್ಲಾಳ, ಕೆಂಗೇರಿಯಂಥ ಕಡೆಗಳಲ್ಲಿ ಬಡಾವಣೆಗಳು ಬೆಳೆಯುವ ಮುನ್ನ, ಖಾಲಿ ಸೈಟುಗಳ ನಡುವೆ ಒಂಟಿ ಮನೆ ಕಟ್ಟಿ ಸಂಸಾರ ಹೂಡಿದವರಿಗೆ ಈ ದೃಶ್ಯದ ಮರ್ಮವನ್ನು ಯಾರೂ ವಿವರಿಸಬೇಕಿಲ್ಲ. ‘ಮುಂಗಾರು ಮಳೆ’ಯ (2006) ನಾಯಕಿಯಾಗಿ ಮನೆಮಾತಾದ ಪೂಜಾ ಗಾಂಧಿಯೇ ಇಲ್ಲಿ ಕೊಲೆಗಾರರ ತಂಡದ ಲಕ್ಷ್ಮಿಯ ಪಾತ್ರದಲ್ಲಿ ಕಾಣಿಸಿಕೊಳ್ಳುವುದರಿಂದ, ಪರಿಚಿತ ಮುಖವನ್ನು ನಂಬುವ ಪ್ರೇಕ್ಷಕನ ಅಭ್ಯಾಸವೂ ಅಲುಗುತ್ತದೆ.

ಬೇಸರದ ಸಂಗತಿಯೆಂದರೆ, ಕ್ಯಾಮೆರಾ ಹೊಸ್ತಿಲಲ್ಲಿ ನಿಲ್ಲದೆ ಒಳಗೆ ನುಗ್ಗಿ, ಕುಯ್ದ ಕೊರಳನ್ನೇ ದಿಟ್ಟಿಸುತ್ತದೆ. ಜರ್ಮನಿಯ ಫ್ರಿಟ್ಸ್ ಲಾಂಗ್ 1931ರ ‘ಎಂ’ ಚಿತ್ರದಲ್ಲಿ ಮಗುವೊಂದರ ಕೊಲೆಯನ್ನು ತೋರಿಸದೆ, ಉರುಳಿ ನಿಲ್ಲುವ ಚೆಂಡನ್ನೂ ತಂತಿಗೆ ಸಿಕ್ಕಿಕೊಂಡ ಬಲೂನನ್ನೂ ಮಾತ್ರ ತೋರಿಸಿ, ಉಳಿದುದನ್ನು ನೋಡುವವರ ಕಲ್ಪನೆಗೆ ಬಿಟ್ಟಿದ್ದನು. ಆ ಸಂಯಮ ‘ದಂಡುಪಾಳ್ಯ’ದಲ್ಲಿ ಇಲ್ಲದ್ದರಿಂದ, ನೀರು ಕೇಳುವ ದನಿಯಲ್ಲಿ ಹುಟ್ಟಿದ ಭಯ ರಕ್ತ ಕಂಡೊಡನೆ ಅಸಹ್ಯವಾಗಿ ಇಳಿಯುತ್ತದೆ.

ಮೊದಲ ಚಿತ್ರ ಪೊಲೀಸ್ ಅಧಿಕಾರಿಯ ಕಣ್ಣಿನಿಂದ ತಂಡವನ್ನು ಕಂಡರೆ, ಅದೇ ನಿರ್ದೇಶಕರ 2017ರ ಎರಡನೆಯ ಭಾಗ ಆರೋಪಿಗಳ ಮಾತಿಗೂ ಠಾಣೆಯೊಳಗಿನ ಹಿಂಸೆಗೂ ಎಡೆಕೊಡುತ್ತದೆ. ಎರಡನ್ನೂ ಒಟ್ಟಿಗೆ ನೋಡುವುದು ಲೇಸು. ಆದರೆ ದಂಡುಪಾಳ್ಯವೆಂಬ ಆ ಹಳ್ಳಿಯಲ್ಲಿ ದುಡಿದು ಉಣ್ಣುವ ಸಂಸಾರಗಳೂ ಇವೆ. ಹಾಗಾಗಿ ಮುಂದೆ ಇಂಥ ಕಥೆಯನ್ನು ತೆರೆಗೆ ತರುವವರು ಊರಿನ ಹೆಸರನ್ನು ಶೀರ್ಷಿಕೆಗೆ ಎಳೆಯದಿರಲಿ.