ಹೊರುವ ಬಿದಿರು, ತೋರುವ ಬಿದಿರು

ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ನೋಡಿ ಬಂದವರು ಮೊದಲು ಮಾತಾಡೋದು ಬಿದಿರಿನ ಬಗ್ಗೆ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಈ ಕಟ್ಟಡದ ವಿನ್ಯಾಸ ಅಮೆರಿಕದ ಎಸ್‌ಒಎಂ ಸಂಸ್ಥೆಯದ್ದು. ತಲೆಯ ಮೇಲೆ ಬಿದಿರಿನ ಜಾಲರಿ, ಕಂಬಗಳಿಗೂ ಬಿದಿರಿನ ಹೊದಿಕೆ, ನಡುವೆ ತೂಗುವ ಗಿಡಗಳು. ಚೆನ್ನಾಗಿದೆ, ಅನುಮಾನವೇ ಬೇಡ. ಮೊರ, ಬುಟ್ಟಿ, ಏಣಿ, ಕೊನೆಗೆ ಚಟ್ಟ, ಇಷ್ಟಕ್ಕೇ ಲಾಯಕ್ಕು ಅನ್ನಿಸಿಕೊಂಡಿದ್ದ ಬಿದಿರಿಗೆ ಇಂಥ ಜಾಗದಲ್ಲಿ ಮರ್ಯಾದೆ ಸಿಕ್ಕಿದ್ದು ಸಣ್ಣ ಮಾತಲ್ಲ.

ನನ್ನ ತಕರಾರು ಬೇರೆ. ಆ ಬಿದಿರು ಸೂರನ್ನು ಹೊತ್ತಿಲ್ಲ. ಹೊತ್ತಿರೋದು ಅದರ ಹಿಂದಿನ ಉಕ್ಕು. ನಮ್ಮೂರಿನ ತೊಟ್ಟಿಮನೆಯ ಹಲಸಿನ ಕಂಬ ತೆಗೆದರೆ ತೊಲೆ, ಜಂತೆ, ಹೆಂಚು ಎಲ್ಲ ಕೆಳಗೆ ಬರುತ್ತೆ. ಇಲ್ಲಿ ಬಿದಿರನ್ನೆಲ್ಲ ಕಳಚಿದರೂ ಟರ್ಮಿನಲ್ ನಿಂತೇ ಇರುತ್ತೆ.

ಅಲಂಕಾರ ಮಾಡಿದ್ದು ತಪ್ಪಲ್ಲ. ಆದ್ರೆ ಪರಿಸರದ ಲೆಕ್ಕ ನೋಡಿ. ಮರವಾಗಲಿ, ಹುಲ್ಲಿನ ಜಾತಿಯ ಬಿದಿರಾಗಲಿ, ಬೆಳೆಯುವಾಗ ಹೀರಿದ ಇಂಗಾಲವನ್ನು ಕಟ್ಟಡದಲ್ಲಿ ಹಿಡಿದಿಡುತ್ತೆ. ಇದು ಒಂದು ಲಾಭ. ಅದು ಭಾರ ಹೊತ್ತರೆ ಅಷ್ಟು ಸಿಮೆಂಟು, ಉಕ್ಕು ಬೇಕಾಗಲ್ಲ. ಇದು ಇನ್ನೊಂದು. ಉಕ್ಕನ್ನೂ ಹಾಕಿ ಮೇಲೆ ಬಿದಿರನ್ನೂ ಹೊದಿಸಿದರೆ ಎರಡನೇ ಲಾಭ ಕೈತಪ್ಪುತ್ತೆ.

ನಾರ್ವೆಯ ಬ್ರುಮುಂಡಾಲ್‌ನಲ್ಲಿ 2019ರಲ್ಲಿ ಮುಗಿದ ಮ್ಯೋಸ್ತೋರ್ನೆಟ್ ಕಟ್ಟಡಕ್ಕೆ 18 ಮಹಡಿ, 85.4 ಮೀಟರ್ ಎತ್ತರ. ಹಲಗೆಗಳನ್ನು ಅಂಟಿಸಿ ಮಾಡಿದ ದಪ್ಪ ಕಂಬ, ತೊಲೆಗಳೇ ಅದರ ಅಸ್ಥಿಪಂಜರ. ಮೇಲಿನ ಕೆಲವು ಮಹಡಿಗಳಿಗೆ ಮಾತ್ರ ಕಾಂಕ್ರೀಟ್ ನೆಲ. ಯಾಕಂದ್ರೆ ಮರದ ಕಟ್ಟಡ ಹಗುರ, ಗಾಳಿಗೆ ಓಲಾಡದಿರಲು ಮೇಲೆ ತೂಕ ಬೇಕು. ಅಲ್ಲಿ ಮರಕ್ಕೂ ಒಂದು ಕೆಲಸವಿದೆ, ಕಾಂಕ್ರೀಟಿಗೂ ಒಂದು ಕೆಲಸವಿದೆ.

ಅಷ್ಟು ದೊಡ್ಡ ಟರ್ಮಿನಲ್ಲನ್ನು ಪೂರ್ತಿ ಬಿದಿರಿನಲ್ಲೇ ಕಟ್ಟಬೇಕಿತ್ತು ಅಂತ ನಾನು ಹೇಳ್ತಿಲ್ಲ. ಅದನ್ನೇ ಬಿದಿರಿನ ಮರುಹುಟ್ಟು ಅಂತ ಕೊಂಡಾಡೋದು ಬೇಡ, ಅಷ್ಟೇ. ಇದು ಬರೀ ರುಚಿಯ ಪ್ರಶ್ನೆಯಲ್ಲ. 2017ರಲ್ಲಿ ಅರಣ್ಯ ಕಾಯ್ದೆ ತಿದ್ದುಪಡಿಯಾಗಿ ಕಾಡಿನ ಹೊರಗೆ ಬೆಳೆದ ಬಿದಿರು 'ಮರ'ದ ಪಟ್ಟಿಯಿಂದ ಹೊರಬಂತು. ರೈತ ತನ್ನ ಜಮೀನಿನಲ್ಲಿ ಬೆಳೆದು ಕಡಿಯೋದು ಸಲೀಸಾಯ್ತು. ಬೆಳೆದದ್ದನ್ನು ಕೊಳ್ಳೋರು ಯಾರು? ಅಪರೂಪಕ್ಕೆ ಬರುವ ಒಂದು ವಿಮಾನ ನಿಲ್ದಾಣದ ಚಾವಣಿ ನಂಬಿ ಯಾರೂ ಹೊಲದಲ್ಲಿ ಬಿದಿರು ನೆಡಲ್ಲ. ಅಂಗನವಾಡಿ, ಬಸ್ ತಂಗುದಾಣ, ಸಂತೆ ಕಟ್ಟೆಯ ಸೂರನ್ನು ಬಿದಿರೇ ಹೊರಲಿ. ಎಂಜಿನಿಯರು ಅದರ ಬಲದ ಲೆಕ್ಕ ಹಾಕಿ, ಧೈರ್ಯವಾಗಿ ಸಹಿ ಹಾಕಲಿ. ಬಿದಿರಿಗೆ ನಿಜವಾದ ಮರ್ಯಾದೆ ಸಿಗೋದು ಆವಾಗ.